ವಶೀಲಿಗೆ ಟೈ ಕಟ್ಟುವ ಶಾಲೆ

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತೇ ಜಡ್ಜುಗಳು. ದೇಶದ ಜನಸಂಖ್ಯೆ 33 ಕೋಟಿ ದಾಟಿದೆ. ಹೈಸ್ಕೂಲುಗಳಂತೂ ಸಾವಿರಗಟ್ಟಲೆ. ಇಷ್ಟೆಲ್ಲ ಇದ್ದೂ ಆ ಒಂಬತ್ತರಲ್ಲಿ ಇಬ್ಬರು ಒಂದೇ ಹೈಸ್ಕೂಲಿನವರು. ಬ್ರೆಟ್ ಕ್ಯಾವನಾ 1983ರ ಬ್ಯಾಚು, ನೀಲ್ ಗೋರ್ಸಚ್ 1985ರ ಬ್ಯಾಚು. ಸಾಲದ್ದಕ್ಕೆ, ದೇಶದ ಬಡ್ಡಿದರ ಏರಿಸಿ ಇಳಿಸುವ ಫೆಡರಲ್ ರಿಸರ್ವ್‌ಗೆ 2018ರಲ್ಲಿ ಅಧ್ಯಕ್ಷರಾದ ಜೆರೋಮ್ ಪೊವೆಲ್ ಕೂಡ ಅದೇ ಶಾಲೆಯವರು, 1971ರ ಬ್ಯಾಚು. ಒಂದೇ ಕಾಂಪೌಂಡಿನೊಳಗೆ ಇಷ್ಟೊಂದು ಪ್ರತಿಭೆ ಉಕ್ಕುವುದನ್ನು ನೋಡಿದರೆ ಅಲ್ಲಿನ ಬೋರ್‌ವೆಲ್ ನೀರನ್ನು ಒಮ್ಮೆ ಲ್ಯಾಬಿಗೆ ಕಳಿಸಬೇಕು ಅನ್ನಿಸುತ್ತದೆ.

ಶಾಲೆಯ ಹೆಸರು ಜಾರ್ಜ್‌ಟೌನ್ ಪ್ರಿಪರೇಟರಿ ಸ್ಕೂಲ್. ಎಲ್ಲರೂ ಸುಮ್ನೆ ಪ್ರೆಪ್ ಅಂತಾರೆ. ವಾಷಿಂಗ್ಟನ್ ಪಕ್ಕದಲ್ಲೇ, ಮೇರಿಲ್ಯಾಂಡಿನ ನಾರ್ತ್ ಬೆಥೆಸ್ಡಾದಲ್ಲಿದೆ. ನಡೆಸುವವರು ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು. ಗಂಡು ಹುಡುಗರಿಗೆ ಮಾತ್ರ ಪ್ರವೇಶ. ಅಮೆರಿಕದ ಮೊದಲ ಕ್ಯಾಥೊಲಿಕ್ ಬಿಷಪ್ ಜಾನ್ ಕ್ಯಾರಲ್ ಇದಕ್ಕೆ ಮೂಲಪುರುಷ, ಹುಟ್ಟಿದ ವರ್ಷ 1789. ಸುಮಾರು 500 ಹುಡುಗರಿಗೆ 90 ಎಕರೆ ಜಾಗ. ಅದರಲ್ಲಿ ಒಂದು ಗಾಲ್ಫ್ ಮೈದಾನ, ಒಂಬತ್ತು ಕುಳಿಗಳದ್ದು. ಕೋರ್ಟಿನಲ್ಲೂ ಒಂಬತ್ತು ಕುರ್ಚಿ, ಸದ್ಯಕ್ಕೆ ಎರಡು ತುಂಬಿವೆ. 2018ರಲ್ಲಿ ಹಾಸ್ಟೆಲ್ ಹುಡುಗರ ಫೀಸು ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸಿನಲ್ಲಿತ್ತು. ಆಗಿನ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೂ ಜಾಸ್ತಿ. ಹೈಸ್ಕೂಲಿಗೆ, ವರ್ಷಕ್ಕೆ.

ಜೆಸ್ಯೂಟರು ನಮಗೇನೂ ಹೊಸಬರಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ ಅನ್ನು 1880ರಲ್ಲಿ ಶುರು ಮಾಡಿದವರು ಅವರೇ. ಪಾಠ ಚೆನ್ನಾಗಿ ಹೇಳುತ್ತಾರೆ, ಶಿಸ್ತು ಜಾಸ್ತಿ. ಅದರಲ್ಲಿ ತಕರಾರಿಲ್ಲ. ನನ್ನ ಕುತೂಹಲ ಇರುವುದು ವಶೀಲಿಯ ಬಗ್ಗೆ. ನಮ್ಮ ವಶೀಲಿಗೆ ಮಾನ ಮರ್ಯಾದೆ ಕಮ್ಮಿ. ಎಮ್ಮೆಲ್ಲೆ ಲೆಟರ್‌ಹೆಡ್ಡು ಹಿಡಿದು ಹೆಡ್‌ಮಾಸ್ಟರ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತದೆ. ಒಳಗೆ ಹೋದ ಮೇಲೆ 'ನಮ್ಮೋರೇ ಸಾರ್, ಸ್ವಲ್ಪ ನೋಡ್ಕೊಳ್ಳಿ' ಅನ್ನುತ್ತದೆ. ಪ್ರೆಪ್‌ನ ವಶೀಲಿ ಹಾಗಲ್ಲ. ಅದಕ್ಕೆ ಕೋಟು, ಟೈ, ಬೆಳಗಿನ ಪ್ರಾರ್ಥನೆ ಎಲ್ಲ ಇದೆ. ಮುಖ್ಯವಾಗಿ ಅದಕ್ಕೊಂದು ಧ್ಯೇಯವಾಕ್ಯ ಇದೆ: 'ಇತರರಿಗಾಗಿ ಬದುಕುವ ಗಂಡಸರು'.

ಆ ವಾಕ್ಯ ಬಂದ ಕಥೆ ಸ್ವಾರಸ್ಯವಾಗಿದೆ. ಜೆಸ್ಯೂಟ್ ಸಂಘದ ಮುಖ್ಯಸ್ಥರಾಗಿದ್ದ ಪೆದ್ರೊ ಅರುಪೆ 1973ರ ಜುಲೈ 31ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಯುರೋಪಿನ ಜೆಸ್ಯೂಟ್ ಶಾಲೆಗಳ ಹಳೇ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ಎದುರಿಗೆ ಕೂತವರು ಉಳ್ಳವರು. ಅರುಪೆ ನೇರ ಮನುಷ್ಯ. ನಿಮ್ಮನ್ನು ನಾವು ನ್ಯಾಯಕ್ಕಾಗಿ ಬೆಳೆಸಿದ್ದೇವಾ ಅಂತ ತಾವೇ ಕೇಳಿದರು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲ ಅಂತ ತಾವೇ ಉತ್ತರಿಸಿದರು. ಇನ್ನು ಮುಂದೆ ಇತರರಿಗಾಗಿ ಬದುಕುವವರನ್ನು ತಯಾರು ಮಾಡೋಣ ಅಂದರು. ಹಳೇ ವಿದ್ಯಾರ್ಥಿಗಳಿಗೆ ಹಾಕಿದ ಬೈಗುಳ ಅದು. ಜೆಸ್ಯೂಟ್ ಶಾಲೆಗಳು ಅದನ್ನು ಎತ್ತಿಕೊಂಡು ಚಂದದ ಅಕ್ಷರದಲ್ಲಿ ಬರೆಸಿ ಧ್ಯೇಯವಾಕ್ಯ ಮಾಡಿಕೊಂಡವು. ಬೈದದ್ದನ್ನೇ ಬಿರುದು ಮಾಡಿಕೊಳ್ಳುವುದಕ್ಕೂ ಒಂದು ತರಬೇತಿ ಬೇಕು, ಅಲ್ವಾ?

2018ರ ಜುಲೈ 9ರ ರಾತ್ರಿ ಶ್ವೇತಭವನದಲ್ಲಿ ಸುಪ್ರೀಂ ಕೋರ್ಟಿಗೆ ತಮ್ಮ ಹೆಸರು ಘೋಷಣೆಯಾದಾಗ ಕ್ಯಾವನಾ ಈ ವಾಕ್ಯವನ್ನು ನೆನೆದರು. ನನ್ನ ಜೆಸ್ಯೂಟ್ ಹೈಸ್ಕೂಲಿನ ಧ್ಯೇಯ ಅದು, ಅದರಂತೆ ಬದುಕಲು ಪ್ರಯತ್ನಿಸಿದ್ದೇನೆ ಅಂದರು. ಸರಿ, ಚಪ್ಪಾಳೆ ಬಿತ್ತು. ಎರಡೂವರೆ ತಿಂಗಳಲ್ಲಿ, ಸೆಪ್ಟೆಂಬರ್ 27ಕ್ಕೆ, ಅದೇ ಹೈಸ್ಕೂಲಿನ ವಾರ್ಷಿಕ ಸಂಚಿಕೆ, ಜಡ್ಜ್ ನೇಮಕಕ್ಕೆ ಒಪ್ಪಿಗೆ ಕೊಡಬೇಕಾದ ಸೆನೆಟ್ಟಿನ ಸಮಿತಿಯ ಮೇಜಿನ ಮೇಲಿತ್ತು.

ಅಲ್ಲಿಗೆ ಅದು ಬಂದದ್ದಕ್ಕೆ ಗಂಭೀರ ಕಾರಣವಿತ್ತು. 1982ರಲ್ಲಿ ತಾವಿಬ್ಬರೂ ಹೈಸ್ಕೂಲಿನಲ್ಲಿದ್ದಾಗ ಕ್ಯಾವನಾ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರು ಎಂದು ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಪ್ರಮಾಣ ಮಾಡಿ ಹೇಳಿದರು. ಇವರು ಪ್ರಮಾಣ ಮಾಡಿ ಅಲ್ಲಗಳೆದರು. ಅದರ ಬಗ್ಗೆ ತಮಾಷೆ ಮಾಡುವುದಕ್ಕೆ ನನ್ನಲ್ಲಿ ಏನೂ ಇಲ್ಲ. ತಮಾಷೆ ಇರುವುದು ಪಕ್ಕದಲ್ಲಿ. ಜಗತ್ತಿನ ಅತಿ ಬಲಿಷ್ಠ ದೇಶದ ಸೆನೆಟರುಗಳು ಕನ್ನಡಕ ಏರಿಸಿಕೊಂಡು, ಹದಿನೇಳರ ಹುಡುಗರು ವಾರ್ಷಿಕ ಸಂಚಿಕೆಯಲ್ಲಿ ಗೀಚಿದ್ದನ್ನು ಶಾಸನ ಓದಿದಂತೆ ಓದಿದರು.

ಕ್ಯಾವನಾ ಪುಟದಲ್ಲಿ ತಮ್ಮನ್ನು 'ಕೆಗ್ ಸಿಟಿ ಕ್ಲಬ್'ನ ಖಜಾಂಚಿ ಎಂದು ಬರೆದುಕೊಂಡಿದ್ದರು. ಕೆಗ್ ಅಂದರೆ ಬಿಯರ್ ಪೀಪಾಯಿ. ಗುರಿ ನೂರು ಪೀಪಾಯಿ. ಖಜಾಂಚಿ ಕೆಲಸದ ಅನುಭವ ಇದ್ದವರು ನ್ಯಾಯವಾಗಿ ಫೆಡರಲ್ ರಿಸರ್ವ್‌ಗೆ ಹೋಗಬೇಕಿತ್ತು, ಎಲ್ಲೋ ಹೆಚ್ಚುಕಮ್ಮಿ ಆಗಿ ಕೋರ್ಟಿಗೆ ಬಂದರು. ರೋಡ್ ಐಲ್ಯಾಂಡಿನ ಸೆನೆಟರ್ ಶೆಲ್ಡನ್ ವೈಟ್‌ಹೌಸ್ ಒಂದೊಂದೇ ಶಬ್ದ ಹಿಡಿದು ಅರ್ಥ ಕೇಳಿದರು. ಒಂದಕ್ಕೆ ಹೂಸು ಎಂಬ ಉತ್ತರ ಬಂತು. 'ಡೆವಿಲ್ಸ್ ಟ್ರಯಾಂಗಲ್' ಎಂದರೇನು? ಕುಡಿಯುವ ಆಟ. ಹೇಗೆ ಆಡೋದು? ಮೂರು ಗ್ಲಾಸು ತ್ರಿಕೋನಾಕಾರದಲ್ಲಿ ಇಡೋದು. ಇದು ಕಡತಕ್ಕೆ ಹೋಯಿತು. ಆ ಹೊತ್ತಿನಲ್ಲೇ ಅಮೆರಿಕ ಸಂಸತ್ತಿನ ಕೆಳಮನೆಯ ನೆಟ್‌ವರ್ಕಿನಿಂದ ಯಾರೋ ಪುಣ್ಯಾತ್ಮರು ವಿಕಿಪೀಡಿಯಕ್ಕೆ ಹೋಗಿ, ಹೌದು ಅದು ಕುಡಿಯುವ ಆಟವೇ ಎಂದು ಸೇರಿಸಿಯೂ ಬಿಟ್ಟರು. ಸಾಕ್ಷಿ ಮೊದಲು, ಪುರಾವೆ ಆಮೇಲೆ.

ಬಿಯರ್ ವಿಷಯದಲ್ಲಿ ಅವರು ಮುಚ್ಚುಮರೆ ಮಾಡಲಿಲ್ಲ. ನನಗೆ ಬಿಯರ್ ಇಷ್ಟ, ಈಗಲೂ ಇಷ್ಟ ಅಂತ ಹೇಳಿದರು. ಆಗ ಕುಡಿಯುವ ವಯಸ್ಸು 18 ಇತ್ತು, ಕೊನೇ ವರ್ಷದವರಿಗೆ ಕಾನೂನಿನ ಅಡ್ಡಿ ಇರಲಿಲ್ಲ ಎಂದೂ ವಿವರಿಸಿದರು. ಮೇರಿಲ್ಯಾಂಡಿನಲ್ಲಿ 1982ರ ಜುಲೈ 1ರಿಂದ ಆ ವಯಸ್ಸು 21 ಆಗಿತ್ತು. ಆಗ ಇವರಿಗೆ 17. ಇರಲಿ, ಕಾನೂನು ಓದಿದ್ದು ಆಮೇಲೆ ತಾನೇ.

ಆ ಸಂಚಿಕೆಯಲ್ಲಿ ಇನ್ನೊಂದಿತ್ತು. ಹತ್ತಿರದ ಶಾಲೆಯ ಒಬ್ಬ ಹುಡುಗಿಯ ಹೆಸರಿಗೆ 'ಹಳೇ ವಿದ್ಯಾರ್ಥಿ' ಎಂಬ ಲ್ಯಾಟಿನ್ ಶಬ್ದ ಅಂಟಿಸಿ, ತಾವೆಲ್ಲ ಆ ಸಂಘದವರು ಎಂದು ಹಲವು ಹುಡುಗರು ತಂತಮ್ಮ ಪುಟದಲ್ಲಿ ಬರೆದುಕೊಂಡಿದ್ದರು. ಇವರೂ ಬರೆದಿದ್ದರು. ಲ್ಯಾಟಿನ್ ಕಾಗುಣಿತವೂ ತಪ್ಪು. ಪಾದ್ರಿಗಳು ಕಲಿಸಿದ ಲ್ಯಾಟಿನ್! ಆ ಹುಡುಗಿ ಬೆಳೆದು ದೊಡ್ಡವಳಾಗಿ, ಹೈಸ್ಕೂಲಿನಲ್ಲಿ ಇವರನ್ನು ಬಲ್ಲ 65 ಮಹಿಳೆಯರು ಇವರು ಸಭ್ಯಸ್ಥರು ಎಂದು ಸೆನೆಟ್ಟಿಗೆ ಬರೆದ ಪತ್ರಕ್ಕೆ ಸಹಿ ಹಾಕಿದ್ದರು. ಸಂಚಿಕೆಯಲ್ಲಿ ತಮ್ಮ ಹೆಸರು ಹೀಗೆ ಇದೆ ಎಂಬುದು ಅವರಿಗೆ ಗೊತ್ತಾದದ್ದು ಸಹಿ ಹಾಕಿದ ಮೇಲೆ. ಕ್ಯಾವನಾ ವಿವರಣೆ ಕೊಟ್ಟರು: ಅದು ಪ್ರೀತಿಯಿಂದ ಬರೆದದ್ದು, ಆಕೆ ನಮ್ಮಲ್ಲೊಬ್ಬಳು ಅಂತ ತೋರಿಸೋದಕ್ಕೆ. ನಮ್ಮಲ್ಲೊಬ್ಬಳಾದರೆ ಹೀಗೆ. ಇತರರಾಗಿದ್ದರೆ ಹೇಗಿರುತ್ತಿತ್ತೋ.

ಹೋದರೆ ಹೋಗಲಿ, ಹುಡುಗಾಟ ಅನ್ನೋಣ. ದೊಡ್ಡವರಾದ ಮೇಲಿನ ಮಾತು ಕೇಳಿ. ಯೇಲ್ ಲಾ ಸ್ಕೂಲಿನ ಪ್ರಸ್ತಾಪ ಬಂದಾಗ ಕ್ಯಾವನಾ, ನನಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ, ಬೆವರು ಹರಿಸಿ ಸೀಟು ಗಿಟ್ಟಿಸಿದೆ ಅಂದರು. ಅವರ ಅಜ್ಜ ಯೇಲ್‌ನಲ್ಲಿ ಓದಿದವರು. ತಾಯಿ ಮೇರಿಲ್ಯಾಂಡಿನಲ್ಲಿ ಜಡ್ಜ್ ಆಗಿದ್ದವರು. ತಂದೆ ಸೌಂದರ್ಯವರ್ಧಕ ಕಂಪನಿಗಳ ಸಂಘದ ಮುಖ್ಯಸ್ಥರಾಗಿದ್ದರು. ಗೋರ್ಸಚ್ ಕೊಲರಾಡೋದಿಂದ ಇಲ್ಲಿಗೆ ಬಂದದ್ದೂ, ಅವರ ತಾಯಿಯನ್ನು ಅಧ್ಯಕ್ಷ ರೇಗನ್ 1981ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥರನ್ನಾಗಿ ಮಾಡಿದ್ದರಿಂದ. ಮುಂದೆ ಇಬ್ಬರೂ 1993-94ರಲ್ಲಿ ಸುಪ್ರೀಂ ಕೋರ್ಟಿನ ಒಬ್ಬರೇ ಜಡ್ಜ್ ಬಳಿ, ಆಂಥೊನಿ ಕೆನಡಿ ಕೈಕೆಳಗೆ, ಲಾ ಕ್ಲರ್ಕ್, ಅಂದರೆ ಕಾನೂನು ಸಹಾಯಕರು, ಆಗಿದ್ದರು. ಕೆನಡಿ ನಿವೃತ್ತರಾದಾಗ ಅವರ ಕುರ್ಚಿಗೇ ಕ್ಯಾವನಾ ಬಂದರು. ಇಷ್ಟೆಲ್ಲ ಆದರೂ ಪರಿಚಯ ಯಾರದೂ ಇಲ್ಲ! ನೀರಲ್ಲಿರುವ ಮೀನಿಗೆ ನೀರೆಲ್ಲಿ ಕಾಣಬೇಕು.

ಈಗ ಹಳೇ ಲೆಕ್ಕ ಒಂದಿದೆ. ಪ್ರೆಪ್ ಮೊದಲು ಜಾರ್ಜ್‌ಟೌನ್ ಕಾಲೇಜಿನ ಒಂದು ಭಾಗವೇ ಆಗಿತ್ತು. 1838ರಲ್ಲಿ ಮೇರಿಲ್ಯಾಂಡಿನ ಜೆಸ್ಯೂಟರು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು ಲೂಸಿಯಾನಾದ ಜಮೀನ್ದಾರರಿಗೆ ಮಾರಿದರು. ಗಂಡಸರು, ಹೆಂಗಸರು, ಕೂಸುಗಳು. ಬೆಲೆ 1,15,000 ಡಾಲರ್. ಅದರಲ್ಲಿ ಒಂದು ಪಾಲು ಕಾಲೇಜಿನ ಸಾಲಕ್ಕೆ ಹೋಯಿತು. 2017ರಲ್ಲಿ ಜೆಸ್ಯೂಟರು ಕ್ಷಮೆ ಕೇಳಿದರು. 2021ರಲ್ಲಿ ಆ ಸಂತತಿಗಾಗಿ 10 ಕೋಟಿ ಡಾಲರ್ ಕೂಡಿಸುವುದಾಗಿ ಮಾತು ಕೊಟ್ಟರು. ಇತರರು ಇವರಿಗಾಗಿ ಬದುಕಿದ ಲೆಕ್ಕ ಅದು.

ಅರುಪೆ ಮಾತನ್ನು ನಿಜವಾಗಿಯೂ ಮನಸ್ಸಿಗೆ ಹಚ್ಚಿಕೊಂಡ ಜೆಸ್ಯೂಟರು ಇಲ್ಲವೆಂದಲ್ಲ. 1996ರಲ್ಲಿ ಅವರೇ ಶಿಕಾಗೋದ ಪಿಲ್ಸನ್ ಬಡಾವಣೆಯಲ್ಲಿ, ಹೆಚ್ಚಾಗಿ ಮೆಕ್ಸಿಕೋದಿಂದ ಬಂದ ಬಡ ಕುಟುಂಬಗಳ ಮಕ್ಕಳಿಗಾಗಿ, ಕ್ರಿಸ್ಟೊ ರೇ ಎಂಬ ಶಾಲೆ ತೆರೆದರು. ಫೀಸು ಕಟ್ಟಲಾಗದ ಮಕ್ಕಳು ತಿಂಗಳಿಗೆ ಐದು ದಿನ ಬ್ಯಾಂಕು, ವಕೀಲರ ಆಫೀಸು, ಆಸ್ಪತ್ರೆಗಳಲ್ಲಿ ಫೈಲು ಜೋಡಿಸಿ, ಫೋನು ಎತ್ತಿ ಫೀಸಿನ ಬಹುಪಾಲು ದುಡಿಯುತ್ತಾರೆ. ಅದೇ ಮಾದರಿಯ ಶಾಲೆಯೊಂದು 2007ರಿಂದ ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಲ್ಲೂ ಇದೆ. ಪ್ರೆಪ್ ಇರುವ ಕೌಂಟಿಯಲ್ಲೇ. ಎರಡೂ ಕ್ಯಾಥೊಲಿಕ್, ಎರಡೂ ಕಾಲೇಜಿಗೆ ಸಿದ್ಧ ಮಾಡುವ ಹೈಸ್ಕೂಲುಗಳು. ಒಂದರಲ್ಲಿ ಮಕ್ಕಳು ಆಫೀಸಿಗೆ ಹೋಗಿ ಶಾಲೆಯ ಖರ್ಚು ಹುಟ್ಟಿಸುತ್ತಾರೆ. ಇನ್ನೊಂದರಲ್ಲಿ ಗಾಲ್ಫ್ ಆಡಿಕೊಂಡೇ ಆಫೀಸು ಹುಟ್ಟಿಸಿಕೊಳ್ಳುತ್ತಾರೆ.

2023ರಲ್ಲಿ ಹಾರ್ವರ್ಡ್ ಕೇಸು ಬಂತು. ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದು ತಪ್ಪು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪ್ರೆಪ್‌ನ ಇಬ್ಬರೂ ಬಹುಮತದ ಕಡೆ. ಅಪ್ಪ ಓದಿದ ಕಾಲೇಜಿನಲ್ಲಿ ಮಗನಿಗೆ ಸಿಗುವ ರಿಯಾಯಿತಿ ಮಾತ್ರ ಆ ತೀರ್ಪಿನಿಂದ ಅಲುಗಲಿಲ್ಲ. ನ್ಯಾಯವಾಗಿ ಹೇಳಬೇಕು, ಗೋರ್ಸಚ್ ತಮ್ಮ ಪ್ರತ್ಯೇಕ ಬರಹದಲ್ಲಿ ದಾನಿಗಳ, ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ ಹಾರ್ವರ್ಡ್ ತೋರುವ ಪ್ರೀತಿಯನ್ನು ಚುಚ್ಚಿದ್ದಾರೆ. ಆದರೆ ಚುಚ್ಚಿದ್ದು ಸೂಜಿಯಲ್ಲಿ. ಕತ್ತಿ ಬೀಸಿದ್ದು ಬೇರೆ ಕಡೆ.

2018ರ ಆ ಸೆನೆಟ್ ವಿಚಾರಣೆಯ ಗದ್ದಲದ ದಿನಗಳಲ್ಲೇ ಪ್ರೆಪ್ ಒಂದು ಹುದ್ದೆಗೆ ಜಾಹೀರಾತು ಹಾಕಿತ್ತು: ಹಳೇ ವಿದ್ಯಾರ್ಥಿಗಳ ಸಂಪರ್ಕಕ್ಕೆ ನಿರ್ದೇಶಕರು ಬೇಕಾಗಿದ್ದಾರೆ. ಪತ್ರಿಕೆಗಳೆಲ್ಲ ನಕ್ಕವು. ನನಗೇನೋ ಆ ಹುದ್ದೆಯೇ ದಂಡ ಅನ್ನಿಸಿತು. ಆ ಶಾಲೆಯವರಿಗೆ ಸಂಪರ್ಕ ಕಲ್ಪಿಸಲು ಇನ್ನೊಬ್ಬರು ಬೇಕೇ? ಅಕ್ಟೋಬರ್ 6ಕ್ಕೆ 50-48 ಮತಗಳಲ್ಲಿ ಕ್ಯಾವನಾ ಪಾಸಾದರು.

ಇತ್ತೀಚಿನದನ್ನೂ ಹೇಳಿಬಿಡುತ್ತೇನೆ. ಸ್ವತಂತ್ರ ಸಂಸ್ಥೆಗಳ ಮುಖ್ಯಸ್ಥರನ್ನು ಅಧ್ಯಕ್ಷರು ಕಾರಣ ಕೊಡದೆ ಮನೆಗೆ ಕಳಿಸಬಹುದೇ ಎಂಬ ಪ್ರಶ್ನೆ 2025ರಲ್ಲಿ ಕೋರ್ಟಿನ ಮುಂದೆ ಬಂತು. ಕೆಲಸದಿಂದ ತೆಗೆದದ್ದು ಕಾರ್ಮಿಕ ಮಂಡಳಿಯ ಸದಸ್ಯೆಯನ್ನು, ಸರ್ಕಾರಿ ನೌಕರರ ದೂರು ಕೇಳುವ ಮಂಡಳಿಯ ಸದಸ್ಯೆಯನ್ನು. ಮೇ 22ರಂದು ಆರು ಜಡ್ಜುಗಳ ಬಹುಮತದ ಆದೇಶ ಹೊರಬಿತ್ತು: ಕೇಸು ಮುಗಿಯುವ ತನಕ ಅವರು ಹೊರಗೇ ಇರಲಿ. ಹಾಗಾದರೆ ಪೊವೆಲ್ ಅವರ ಫೆಡರಲ್ ರಿಸರ್ವ್ ಗತಿ? ಅದರ ಚಿಂತೆ ಬೇಡ, ಅದರ ರಚನೆಯೇ ಬೇರೆ ಎಂದು ಆದೇಶವೇ ಸಮಾಧಾನ ಹೇಳಿತು. ಕಾರಣಕ್ಕೆ ದೇಶದ ಮೊದಲ ಮತ್ತು ಎರಡನೇ ರಾಷ್ಟ್ರೀಯ ಬ್ಯಾಂಕುಗಳ ಪರಂಪರೆಯನ್ನು ತೋರಿಸಿತು. ಆ ಮೊದಲ ಬ್ಯಾಂಕು ಹುಟ್ಟಿದ್ದು 1791ರಲ್ಲಿ. 1971ರ ಬ್ಯಾಚಿನ ಮಾತು ಎಲ್ಲೂ ಬರಲಿಲ್ಲ.