ಪ್ಲೇಗ್ ಬಂದಾಗ ಊರನ್ನೇ ತಿದ್ದಿದರು, ಶುಗರ್ ಬಂದರೆ ಬರೀ ಬುದ್ಧಿವಾದ ಯಾಕೆ?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಗಾಳಿ ಬೆಳಕು ಆಡದ ಓಣಿಗಳು. ಸಾವಿರಾರು ಜನ ಸತ್ತರು. ಎಷ್ಟೋ ಜನ ಊರು ಬಿಟ್ಟು ಹೋದರು. ಆಗಿನ ಮೈಸೂರು ಸಂಸ್ಥಾನ ಮನೆ ಚೊಕ್ಕಟವಾಗಿ ಇಟ್ಟುಕೊಳ್ಳಿ ಅಂತ ಡಂಗುರ ಹೊಡೆಸಿ ಸುಮ್ಮನಾಗಲಿಲ್ಲ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ದಿನಗಳಲ್ಲೇ. ನೆಟ್ಟಗಿನ ಅಗಲವಾದ ರಸ್ತೆ, ಮನೆ ಹಿಂದೆ ಮಲ, ಕಸ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ, ನಡುವೆ ಪಾರ್ಕು, ಮಾರ್ಕೆಟ್ಟು. ಮೈಸೂರಿನಲ್ಲಂತೂ 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಬಸವನಗುಡಿಯಲ್ಲಿ ಜಾತಿವಾರು ಬ್ಲಾಕ್‌ಗಳಿದ್ದವು, ಅದನ್ನು ಮರೆಯಬಾರದು. ಆದರೂ ಕಾಯಿಲೆಗೆ ಜನರನ್ನಷ್ಟೇ ದೂರಿ ಪ್ರಯೋಜನ ಇಲ್ಲ, ಊರನ್ನೂ ತಿದ್ದಬೇಕು ಅನ್ನೋದು ಆಗಿನವರಿಗೆ ಗೊತ್ತಿತ್ತು.

ನಮ್ಮ ಕಾಲದ ಕಾಯಿಲೆಗಳು ಬೇರೆ. ಶುಗರ್, ಬಿಪಿ, ಹಾರ್ಟು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ವಯಸ್ಕರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಬಿಪಿ. ಇಷ್ಟು ದೊಡ್ಡ ಸಂಗತಿಗೆ ನಾವು ಕೊಡುತ್ತಿರುವ ಉತ್ತರ ಏನು? ಬಾಯಿ ಕಟ್ಟಿ. ಅನ್ನ ಕಮ್ಮಿ ಮಾಡಿ. ದಿನಾ ವಾಕ್ ಹೋಗಿ. ಹೇಳೋದೆಲ್ಲ ನಿಜವೇ. ಆದರೆ ಹೇಳಿಸಿಕೊಂಡವರು ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಏನಾಗುತ್ತದೆ ಅಂತ ಯಾರೂ ನೋಡುವುದಿಲ್ಲ.

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಶುಗರ್ ಇದೆ, ಮಂಡಿನೋವೂ ಇದೆ. ಡಾಕ್ಟರು ದಿನಾ ಅರ್ಧ ಗಂಟೆ ನಡೆಯಿರಿ ಅಂದಿದ್ದಾರೆ. ಅವರಿಗೂ ನಡೆಯೋಕೆ ಆಸೆ. ನಮ್ಮ ರಸ್ತೆಯ ಫುಟ್‌ಪಾತ್ ಅವರ ಮೊಣಕಾಲಿನ ಹತ್ತಿರಕ್ಕೆ ಬರುವಷ್ಟು ಎತ್ತರ. ಹತ್ತಬೇಕಾದರೆ ಯಾರದಾದರೂ ಕಾಂಪೌಂಡ್ ಹಿಡಿದುಕೊಳ್ಳಬೇಕು. ಹತ್ತಿ ನಾಲ್ಕು ಹೆಜ್ಜೆ ಹೋದರೆ ಒಂದು ಮನೆಯ ಗೇಟು, ಕಾರು ಇಳಿಸೋಕೆ ಅಲ್ಲಿ ಇಳಿಜಾರು ಮಾಡಿಕೊಂಡಿದ್ದಾರೆ. ಇಳಿಯಬೇಕು. ಮತ್ತೆ ಹತ್ತಬೇಕು. ಆಮೇಲೆ ಟ್ರಾನ್ಸ್‌ಫಾರ್ಮರ್. ಅದರ ಪಕ್ಕ ಮುರಿದ ಚಪ್ಪಡಿ, ಕೆಳಗೆ ಮೋರಿ ಕಾಣುತ್ತದೆ. ಮುಂದೆ ಒಂದು ಸಾಲು ಸ್ಕೂಟರ್‌ಗಳು. "ಹತ್ತಿ ಇಳಿಯೋದೇ ಆಯ್ತು ಕಣಮ್ಮ, ನಡೆಯೋದು ಎಲ್ಲಿ ಬಂತು" ಅಂತಾರೆ ಅತ್ತೆ. ಕೊನೆಗೆ ರಸ್ತೆಗೇ ಇಳಿಯುತ್ತಾರೆ. ಹಿಂದಿನಿಂದ ಹಾರ್ನ್.

ಫುಟ್‌ಪಾತ್ ಹೇಗಿರಬೇಕು ಅಂತ ನಮ್ಮ ದೇಶದಲ್ಲೇ ಲೆಕ್ಕ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ನಡೆಯೋಕೆ ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ದಾಟಬಾರದು. ಮಾಡಿದರೆ ಆಗುತ್ತದೆ ಅನ್ನೋದಕ್ಕೆ ಬೆಂಗಳೂರಿನ ನಡುಮಧ್ಯೆ ಟೆಂಡರ್ ಶ್ಯೂರ್ ಅನ್ನೋ ಯೋಜನೆಯಲ್ಲಿ ಮಾಡಿದ ರಸ್ತೆಗಳಿವೆ. ರೆಸಿಡೆನ್ಸಿ ರಸ್ತೆ ಕಡೆ ಹೋದರೆ ನೋಡಿ. ಕೇಬಲ್ಲು, ಪೈಪು ಎಲ್ಲ ನೆಲದೊಳಗೆ. ಮೇಲೆ ಮೂರು ನಾಲ್ಕು ಜನ ಒಟ್ಟಿಗೆ ಮಾತಾಡಿಕೊಂಡು ನಡೆಯಬಹುದು. ಅಂಥ ರಸ್ತೆ ಜಾಸ್ತಿ ಮಾಡಿದ್ದು ಆಫೀಸು, ಅಂಗಡಿಗಳಿರುವ ಕಡೆ. ಮಂಡಿನೋವಿನ ಅಜ್ಜಿಯರು ಇರೋದು ಬಡಾವಣೆಗಳ ಒಳರಸ್ತೆಯಲ್ಲಿ.

ಹಾಗಾದರೆ ಪಾರ್ಕಿಗೆ ಹೋಗಬಹುದಲ್ಲ ಅಂತೀರಿ. ಬೆಂಗಳೂರಿನ ಪಾರ್ಕ್‌ಗಳಿಗೆ ವರ್ಷಗಟ್ಟಲೆ ಬೆಳಿಗ್ಗೆ 10 ಗಂಟೆಗೆ ಬೀಗ ಬೀಳುತ್ತಿತ್ತು. ಮತ್ತೆ ತೆರೆಯುತ್ತಿದ್ದುದು ಮಧ್ಯಾಹ್ನ ಒಂದೂವರೆಗೆ. ಈ ಟೈಮಿಂಗ್ ಮಾಡಿದವರ ಮನಸ್ಸಿನಲ್ಲಿ ಯಾರಿದ್ದರು? ಬೆಳಿಗ್ಗೆ ಐದಕ್ಕೆ ಶೂ ಹಾಕಿಕೊಂಡು ಹೊರಡುವ, ವಾಪಸ್ ಬರುವಷ್ಟರಲ್ಲಿ ಕಾಫಿ ಸಿದ್ಧವಿರುವ ಗಂಡಸು. ಮನೆಯ ಹೆಂಗಸಿಗೆ ಬೆಳಗಿನ ಹೊತ್ತು ಅಂದರೆ ತಿಂಡಿ, ಮಕ್ಕಳ ಡಬ್ಬಿ, ಸ್ಕೂಲ್ ವ್ಯಾನು, ಪಾತ್ರೆ, ಬಟ್ಟೆ. ಉಸಿರು ಬಿಡೋಕೆ ಸಿಗೋದೇ ಹತ್ತೂವರೆಗೆ. ನಾಲ್ಕು ಮನೆ ಕೆಲಸ ಮುಗಿಸಿ ಮರದ ನೆರಳಲ್ಲಿ ಡಬ್ಬಿ ಬಿಚ್ಚಬೇಕು ಅನ್ನುವ ಹೆಂಗಸಿಗೂ ಅದೇ ಹೊತ್ತು. ಸರಿಯಾಗಿ ಅಷ್ಟೊತ್ತಿಗೆ ಬೀಗ. 2024ರ ಜೂನ್‌ನಲ್ಲಿ ಬೆಂಗಳೂರಿನ ಪಾರ್ಕ್‌ಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ ಆದಾಗ ನನಗೆ ನಿಜವಾಗಿ ಖುಷಿ ಆಯಿತು. ದುಡ್ಡು ಸುರಿಯದೆ ಜನರ ಆರೋಗ್ಯಕ್ಕೆ ಮಾಡಬಹುದಾದ ದೊಡ್ಡ ಕೆಲಸ ಅದು.

2024ರಲ್ಲೇ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಮೈಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲವಂತೆ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಇಲ್ಲಿ ಬೇಕಾದಷ್ಟು ಅಂದರೆ ವಾರಕ್ಕೆ 150 ನಿಮಿಷ ಸ್ವಲ್ಪ ಬಿರುಸಾಗಿ ನಡೆದಷ್ಟು. ಹೆಂಗಸರು ಸೋಮಾರಿಗಳು ಅಂತ ಇದನ್ನು ಓದುವವರು ಒಂದು ವಾರ ನಮ್ಮ ಮನೆಗಳಲ್ಲಿ ಇದ್ದು ನೋಡಲಿ. ನಿಂತೇ ಇರ್ತೀವಿ, ಸುಸ್ತಾಗಿಯೇ ಇರ್ತೀವಿ. ಆದರೆ ಕೈ ಬೀಸಿಕೊಂಡು, ಎದೆ ಹಗುರಾಗುವ ಹಾಗೆ ನಡೆಯೋಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ. ಸಂಜೆ ಏಳರ ಮೇಲೆ ಬೀದಿದೀಪ ಇಲ್ಲದ ರಸ್ತೆಯಲ್ಲಿ ಒಬ್ಬಳೇ ವಾಕ್ ಹೋಗು ಅಂತ ಯಾವ ಮನೆಯವರು ಮಗಳಿಗೆ ಹೇಳ್ತಾರೆ? ಬೀದಿದೀಪವೂ ಶುಗರ್‌ಗೆ ಔಷಧಿಯೇ ಅಂತ ನಾನು ನಂಬುತ್ತೇನೆ.

ಮೈಸೂರಿನಲ್ಲಿ ಕೇರಿಗೊಂದು ಗರಡಿ ಮನೆ ಇರುತ್ತಿತ್ತು. ಈಗಲೂ ಕೆಲವು ಉಳಿದಿವೆ. ಕುಸ್ತಿ ಅಖಾಡದ ಮಟ್ಟಿ ಮಣ್ಣು ಹದ ಮಾಡೋದರಿಂದ ಹಿಡಿದು ಎಳೆಯರಿಗೆ ಪಟ್ಟು ಹೇಳಿಕೊಡೋವರೆಗೆ ಎಲ್ಲ ಕೇರಿಯವರದ್ದೇ. ತಿಂಗಳ ಫೀಸು ಕಟ್ಟಿ ಜಿಮ್ಮಿಗೆ ಹೋಗೋ ಹಾಗಲ್ಲ, ಅದು ಕೇರಿಯ ಸ್ವತ್ತು. ಅಲ್ಲಿ ಹುಡುಗಿಯರಿಗೆ ಜಾಗ ಇರಲಿಲ್ಲ, ಅದು ಆ ಕಾಲದ ಕೊರತೆ. ಇವತ್ತು ಆ ಜಾಗವನ್ನು ಶಾಲೆಯ ಮೈದಾನ ತುಂಬಬಹುದು. ಸರ್ಕಾರಿ ಶಾಲೆಗಳಿಗೆ ಎಷ್ಟೋ ಕಡೆ ಒಳ್ಳೆ ಬಯಲು ಇದೆ. ಶಾಲೆ ಬಿಟ್ಟ ಮೇಲೆ ಗೇಟು ಹಾಕಿಬಿಡ್ತಾರೆ. ಸಂಜೆ ಎರಡು ಗಂಟೆ ತೆರೆದು ಒಬ್ಬ ಕಾವಲುಗಾರನನ್ನು ಇಟ್ಟರೆ ಸಾಕು. ಹುಡುಗಿಯರು ಖೋ ಖೋ ಆಡ್ತಾರೆ, ತಾಯಂದಿರು ಸುತ್ತು ಹಾಕ್ತಾರೆ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಬೆಡ್‌ರೂಮಿನ ಮನೆಯಲ್ಲಿ ಆ ಆಟ ಎಲ್ಲಿ ಆಡಬೇಕು?

ಈಗ ಊಟದ ವಿಷಯ. ನಮ್ಮ ಬೀದಿ ಮೂಲೆಯಲ್ಲಿ ಒಬ್ಬ ಅಜ್ಜಿ ಬೆಳಿಗ್ಗೆ ಗೋಣಿಚೀಲ ಹಾಸಿ ಸೊಪ್ಪು ಮಾರುತ್ತಾರೆ. ದಂಟು, ಸಬ್ಬಸಿಗೆ, ಮೆಂತ್ಯ, ಚಕ್ಕೋತ. ಮಳೆ ಬಿದ್ದ ವಾರದಲ್ಲಿ ಬೆರಕೆ ಸೊಪ್ಪು: ಹೊನಗೊನೆ, ಅಣ್ಣೆ, ಗಣಿಕೆ ಎಲ್ಲ ಒಂದೇ ಕಟ್ಟಿನಲ್ಲಿ. ಬಾಳೆನಾರಿನಲ್ಲಿ ಕಟ್ಟು ಕಟ್ಟಿರುತ್ತಾರೆ. ಬಲಿತ ದಂಟು ಬಂದಿದ್ದರೆ "ಇದು ಬಸ್ಸಾರಿಗೆ ಆಗಲ್ಲ, ನಾಳೆ ತಗೊಳ್ಳವ್ವ" ಅಂತ ಅವರೇ ಹೇಳ್ತಾರೆ. ಕೊಸರಿಗೆ ಒಂದು ಎಸಳು ಕರಿಬೇವು. ಅಜ್ಜಿ ಬಂದ ದಿನ ನಮ್ಮ ಸಾಲಿನ ಎಷ್ಟೋ ಮನೆಗಳಲ್ಲಿ ಸೊಪ್ಪಿನ ಸಾರು. ಬರದ ದಿನ ಆಲೂಗಡ್ಡೆ ಪಲ್ಯ. ಯಾವ ಡಯಟ್ ಚಾರ್ಟೂ ಮಾಡದ ಕೆಲಸ ಇದು.

ಫುಟ್‌ಪಾತ್ ತೆರವು ಅಂತ ಬಂದಾಗ ಮೊದಲು ಎಬ್ಬಿಸೋದು ಇಂಥವರನ್ನೇ. ನಡೆಯೋ ಜಾಗ ಬೇಕು ಅಂತ ಇಷ್ಟು ಹೊತ್ತು ಬರೆದವಳು ನಾನು, ಆದರೂ ಹೇಳುತ್ತೇನೆ: ಸೊಪ್ಪಿನ ಅಜ್ಜಿ ಹಿಡಿಯೋದು ಒಂದು ಗೋಣಿಚೀಲದಷ್ಟು ಜಾಗ. ಒಂದು ಕಾರು ಅದರ ಹತ್ತು ಪಟ್ಟು ಹಿಡಿಯುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾನೂನೇ ಇದೆ. ಎಲ್ಲಿ ಕೂರಬೇಕು ಅಂತ ಗುರುತು ಮಾಡಿ ಕೊಡಬೇಕು, ಅದನ್ನು ನಿರ್ಧರಿಸುವ ಸಮಿತಿಯಲ್ಲಿ ವ್ಯಾಪಾರಿಗಳೂ ಇರಬೇಕು. ನಡೆಯುವವರನ್ನೂ ಮಾರುವವರನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚೋದು ಬೇಡ. ಇಬ್ಬರ ಜಾಗವನ್ನೂ ತಿಂದಿರೋದು ಪಾರ್ಕಿಂಗ್.

ಹಾಪ್‌ಕಾಮ್ಸ್ ಕಥೆಯನ್ನೂ ನೆನಪು ಮಾಡಿಕೊಳ್ಳಬೇಕು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು. ತೋಟಗಾರಿಕೆ ಇಲಾಖೆಯ ಡಾ. ಎಂ. ಎಚ್. ಮರೀಗೌಡರ ಕನಸು. ರೈತನಿಗೆ ಸರಿಯಾದ ಬೆಲೆ, ಕೊಳ್ಳುವವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ತಾಜಾ ಹಣ್ಣು ತರಕಾರಿ. ಹಳೇ ಬಡಾವಣೆಗಳಲ್ಲಿ ಬೆಳೆದವರಿಗೆ ಆ ಹಸಿರು ಅಂಗಡಿ ಗೊತ್ತು. ಹೊಸ ಬಡಾವಣೆಗಳ ನಕ್ಷೆಯಲ್ಲಿ ಅಂಥ ಅಂಗಡಿಗೆ ಜಾಗ ಬಿಡೋದನ್ನೇ ಮರೆತರು. ಅಲ್ಲಿ ಹತ್ತು ಹೆಜ್ಜೆಗೆ ಸಿಗೋದು ಚಿಪ್ಸ್, ಬಿಸ್ಕತ್, ಬಣ್ಣದ ನೀರು. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸು ಮಾರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ನಿಮ್ಮ ಮಕ್ಕಳ ಶಾಲೆ ಮುಂದೆ ಒಮ್ಮೆ ನಿಂತು ನೋಡಿ.

ಮಾಡಿದರೆ ಆಗುತ್ತದೆ ಅನ್ನೋದಕ್ಕೆ ನಮ್ಮ ಶಾಲೆಗಳ ಬಿಸಿಯೂಟವೇ ಸಾಕ್ಷಿ. 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಕೊಡಲು ಹೊರಟಾಗ ಎಷ್ಟು ಗಲಾಟೆ ಆಯಿತು ಅಂತ ನೆನಪಿದೆಯಲ್ಲ. ಆಗ ಶಾಲೆಯ ಹುಡುಗಿಯರೇ ನಮಗೆ ಮೊಟ್ಟೆ ಬೇಕು ಅಂತ ಗಟ್ಟಿಯಾಗಿ ಹೇಳಿದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ರಾಜ್ಯದ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ ಅಂತ ಆಯಿತು. ತಿನ್ನದವರಿಗೆ ಬಾಳೆಹಣ್ಣು. ರಾಗಿ ಮಾಲ್ಟ್ ಕೂಡ ಬಂತು. ಪೌಷ್ಟಿಕ ಆಹಾರ ತಿನ್ನಿ ಅಂತ ಗೋಡೆ ಮೇಲೆ ಬರೆಸಿದ್ದರೆ ಈ ಕೆಲಸ ಆಗುತ್ತಿತ್ತಾ? ತಟ್ಟೆಗೆ ಬಡಿಸಿದ್ದರಿಂದ ಆಯಿತು. ಆ ಬಿಸಿಯೂಟದ ಅಕ್ಕಂದಿರಿಗೆ ಸಿಗೋ ಗೌರವಧನ ಇನ್ನೂ ತೀರಾ ಕಮ್ಮಿ. ಊರಿನ ಆರೋಗ್ಯ ಕಾಯುವವರಲ್ಲಿ ಅವರು ಮೊದಲಿಗರು ಅನ್ನೋದು ನನ್ನ ಅಭಿಪ್ರಾಯ.

ಹೊರದೇಶದ ಒಂದೇ ಒಂದು ಉದಾಹರಣೆ ಹೇಳ್ತೀನಿ. ಫಿನ್ಲೆಂಡಿನಲ್ಲಿ ಉತ್ತರ ಕರೇಲಿಯ ಅಂತ ಒಂದು ಪ್ರಾಂತ. ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯೋದು ಅಲ್ಲಿ ವಿಪರೀತ ಇತ್ತು. ಅಲ್ಲಿನ ಜನರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1972ರಲ್ಲಿ ಕೆಲಸ ಶುರುವಾಯಿತು, ಪೆಕ್ಕಾ ಪುಸ್ಕಾ ಅನ್ನೋ ಯುವ ವೈದ್ಯರ ಮುಂದಾಳತ್ವದಲ್ಲಿ. ಅವರು ಬರೀ ಆಸ್ಪತ್ರೆಯಲ್ಲಿ ಕೂರಲಿಲ್ಲ. ಗೃಹಿಣಿಯರ ಸಂಘದ ಜೊತೆ ಸೇರಿ ಊರೂರಲ್ಲಿ ಅಡುಗೆ ಮಾಡಿ ತೋರಿಸಿದರು, ತರಕಾರಿ ಜಾಸ್ತಿ, ಬೆಣ್ಣೆ ಕಮ್ಮಿ. ಸಾಸೇಜ್ ಮಾಡುವವರಿಗೆ ಕೊಬ್ಬು ಇಳಿಸಲು ಹೇಳಿದರು. ಹಾಲಿನ ಕಸುಬಿನ ರೈತರಿಗೆ ಪೆಟ್ಟು ಬೀಳುತ್ತದಲ್ಲ, ಅದಕ್ಕೆ ಬೆರ್ರಿ ಹಣ್ಣು ಬೆಳೆಯೋಕೆ ಪ್ರೋತ್ಸಾಹ ಕೊಟ್ಟರು. ಸುಮಾರು ನಲವತ್ತು ವರ್ಷದಲ್ಲಿ ಆ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾವು ನೂರಕ್ಕೆ 80ಕ್ಕಿಂತ ಜಾಸ್ತಿ ಇಳಿಯಿತು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಹಳ್ಳಿ ಹಳ್ಳಿಯಲ್ಲಿವೆ. ಸಾಲ ವಸೂಲಿಯ ಲೆಕ್ಕಕ್ಕೆ ವಾರವಾರ ಸೇರುವ ಅದೇ ಹೆಂಗಸರು ಇದನ್ನೂ ಮಾಡಬಲ್ಲರು. ಅವರನ್ನು ಕೇಳಿದವರು ಯಾರು?

ಹುಬ್ಬಳ್ಳಿ, ವಿಜಯಪುರದ ಕಡೆ ಖಾನಾವಳಿಗೆ ಹೋದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಮೊಸರು. ಅಲ್ಲಿ ಕೂತವರು ಯಾರೂ ಡಯಟ್ ಮಾಡೋಕೆ ಬಂದಿಲ್ಲ, ಹಸಿವಾಗಿದೆ, ಉಣ್ಣುತ್ತಿದ್ದಾರೆ ಅಷ್ಟೇ. ಒಳ್ಳೆ ಊಟ ಸುಲಭವಾಗಿ, ಕೈಗೆಟುಕುವ ಬೆಲೆಗೆ ಸಿಕ್ಕರೆ ಜನ ತಿಂತಾರೆ. ಬೆಂಗಳೂರಿನ ಆಫೀಸುಗಳ ಸುತ್ತ ಮಧ್ಯಾಹ್ನ ಫ್ರೈಡ್ ರೈಸ್ ಗಾಡಿ ಹತ್ತು ಸಿಗುತ್ತವೆ, ಮುದ್ದೆ ಸೊಪ್ಪಿನ ಸಾರು ಸಿಗೋದಕ್ಕೆ ಹುಡುಕಬೇಕು.

ನಮ್ಮ ಬೀದಿಯ ಹೆಂಗಸರು ಸೇರಿ ಒಂದು ಅರ್ಜಿ ಬರೆಯುತ್ತಿದ್ದೇವೆ. ದೊಡ್ಡದೇನೂ ಕೇಳಿಲ್ಲ. ಬಸ್ ಸ್ಟಾಪಿನವರೆಗಿನ ಫುಟ್‌ಪಾತನ್ನು ಹತ್ತಿ ಇಳಿಯದೆ ನಡೆಯೋ ಹಾಗೆ ಒಂದೇ ಮಟ್ಟ ಮಾಡಿ. ಪಾರ್ಕಿನ ಹಿಂದಿನ ರಸ್ತೆಗೆ ದೀಪ ಹಾಕಿ. ಸೊಪ್ಪಿನ ಅಜ್ಜಿಗೆ ಮೂಲೆಯಲ್ಲಿ ಗುರುತು ಮಾಡಿದ ಜಾಗ ಕೊಡಿ. ಶಾಲೆಯ ಮೈದಾನವನ್ನು ಸಂಜೆ ತೆರೆಯಿರಿ. ಅತ್ತೆ ಮೊದಲ ಸಹಿ ಹಾಕಿದ್ದಾರೆ.

ನಿಮ್ಮ ಕಡೆ ಶಾಲೆ ಮೈದಾನವನ್ನು ಸಂಜೆ ಬಡಾವಣೆಯವರಿಗೆ ತೆರೆದಿರೋ ಉದಾಹರಣೆ ಇದ್ದರೆ ದಯವಿಟ್ಟು ತಿಳಿಸಿ. ಬೀಗದ ಕೈ ಯಾರ ಹತ್ತಿರ ಇರುತ್ತದೆ, ಕಾವಲುಗಾರರ ಸಂಬಳ ಯಾರು ಕೊಡ್ತಾರೆ, ಹೆಡ್‌ಮಾಸ್ಟರನ್ನು ಹೇಗೆ ಒಪ್ಪಿಸಿದಿರಿ ಅನ್ನೋದನ್ನೂ ಬರೆಯಿರಿ. ಅರ್ಜಿ ಜೊತೆ ಅದನ್ನು ಲಗತ್ತಿಸುತ್ತೇವೆ.