ಮೇಯರ್ ತೋಳವಾದ ರಾತ್ರಿ

ಆಷಾಢದ ಮಳೆಗೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ, ಮೊಬೈಲ್ ಸತ್ತ ಮೇಲೆ ಬೇರೆ ದಾರಿಯಿಲ್ಲದೆ ಬ್ಯಾಗಿನಿಂದ ಕಾರ್ಡುಗಳ ಕಟ್ಟೊಂದನ್ನು ತೆಗೆದ. ‘ಮ್ಯಾಜಿಕ್: ದ ಗ್ಯಾದರಿಂಗ್’, ಕಾರ್ಡುಗಳನ್ನೇ ಮಂತ್ರ, ಜೀವಿಗಳಾಗಿ ಹೂಡಿ ಕಾದಾಡುವ, 1993ರಿಂದ ನಡೆದುಬಂದಿರುವ ಆಟ. “ಮಾವ, ಇದನ್ನು ತಿರುಗಿಸಿ ನೋಡು” ಎಂದ.

ಲಾಟೀನಿನ ಬೆಳಕಿಗೆ ಹಿಡಿದೆ. ಒಂದು ಮುಖದಲ್ಲಿ ಅವಾಬ್ರಕ್ ಊರಿನ ಮೇಯರ್. ಬಲ 1, ತಾಳಿಕೆ 1. ತಿರುಗಿಸಿದರೆ ತೋಳಗಳ ಹಿಂಡಿನ ಯಜಮಾನ, 3, 3. ಸಾಮಾನ್ಯ ಕಾರ್ಡುಗಳಿಗೆ ಬೆನ್ನು ಒಂದೇ ಥರ. 2011ರ ‘ಇನಿಸ್ಟ್ರಾಡ್’ ಸರಣಿಯ ಈ ತೋಳಮಾನವರಿಗೆ ಎರಡೂ ಕಡೆ ಚಿತ್ರ. ತಿರುಗಿಸುವ ನಿಯಮ ಇನ್ನೂ ಚೆಂದ: ಒಂದು ಸರದಿಯಲ್ಲಿ ಯಾರೂ ಮಂತ್ರ ಹಾಕದಿದ್ದರೆ ಮನುಷ್ಯ ತೋಳವಾಗುತ್ತಾನೆ, ಯಾರಾದರೂ ಒಂದೇ ಸರದಿಯಲ್ಲಿ ಎರಡು ಮಂತ್ರ ಹಾಕಿದರೆ ಮತ್ತೆ ಮನುಷ್ಯ. ಸದ್ದಡಗಿದರೆ ಮೃಗ. ರಾತ್ರಿ ಜೀರುಂಡೆಗಳು ಇದ್ದಕ್ಕಿದ್ದಂತೆ ಸುಮ್ಮನಾದಾಗ ಅಂಗಳದ ನಾಯಿ ಎದ್ದು ಕೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಇಂಥ ಚಿತ್ರಗಳಲ್ಲಿ ಬಹುಪಾಲು ನನಗೆ ಹಿಡಿಸುವುದಿಲ್ಲ. ಗರಡಿಮನೆಯಲ್ಲಿ ಸಾಮು ಮಾಡಿದ ನಾಯಿಯ ಹಾಗೆ ತೋಳು, ಎದೆ, ಜೊಲ್ಲು, ಹಿಂದೊಂದು ಹುಣ್ಣಿಮೆ. ಅದರೊಳಗಿನ ಮನುಷ್ಯ ಎಲ್ಲಿ ಹೋದ? 2016ರ ಸರಣಿಯಲ್ಲಂತೂ ತೋಳಗಳನ್ನು ಅನ್ಯಲೋಕದ ವಿಕಾರ ಜೀವಿಗಳಾಗಿ ಮಾಡಿ, ಇದ್ದ ತೋಳವನ್ನೂ ಕಳೆದರು. ಕಟ್ಟಿನಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಒಂದನ್ನೇ: ತೋಳದ ಮೈಮೇಲೆ ಹರಿದ ಅಂಗಿಯ ಚೂರೊಂದು ನೇತಾಡುತ್ತಿತ್ತು. ಬೆಳಿಗ್ಗೆ ಗುಂಡಿ ಹಾಕಿಕೊಂಡಿದ್ದ ಅಂಗಿ!

ಚಿಕ್ಕವನಿದ್ದಾಗ ಸಾಗರದ ಕಡೆಯ ಒಂದು ಬಯಲಾಟದಲ್ಲಿ, ವೇಷ ಕಟ್ಟುವ ಚೌಕಿಗೆ ನುಗ್ಗಿದ್ದೆ. ಬಣ್ಣದ ವೇಷದವರೊಬ್ಬರು ಕನ್ನಡಿಯ ಮುಂದೆ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಿದ್ದರು. ಎಡಗೆನ್ನೆ ಆಗಲೇ ರಾಕ್ಷಸ. ಬಲಗೆನ್ನೆಯಲ್ಲಿ ಎರಡು ದಿನದ ಗಡ್ಡ. ಆ ಅರ್ಧ ಮುಖ ನನ್ನತ್ತ ತಿರುಗಿ “ಕಡ್ಡಿಪೆಟ್ಟಿಗೆ ಕೊಡೋ ತಮ್ಮಾ” ಎಂದಿತು. ಅಂದು ರಂಗದ ಮೇಲೆ ಬಂದ ಪೂರ್ತಿ ರಾಕ್ಷಸನಿಗೆ ನಾನು ಅಷ್ಟು ಹೆದರಲಿಲ್ಲ.

ತೋಳ ನಮ್ಮ ಸೀಮೆಯದಲ್ಲ, ನಿಜ. ಅದು ಬಯಲುಸೀಮೆಯ ಕುರುಚಲು ಕಾಡಿನ ಪ್ರಾಣಿ; ಅದಕ್ಕೆಂದೇ ಅಭಯಾರಣ್ಯ ಮಾಡಿರುವುದು ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ. ನಮ್ಮಲ್ಲಿರುವುದು ಕಾಡುನಾಯಿ. ಮನುಷ್ಯ ಪ್ರಾಣಿಯಾಗುವ ಕಥೆ ಬಂದರೆ ನಮಗೆ ಹುಲಿಯೇ ಆಗಬೇಕು.

ಲಾಟೀನಿನ ಎಣ್ಣೆ ಮುಗಿಯುವ ಹೊತ್ತಿಗೆ ಹುಡುಗನಿಗೆ ಅಜ್ಜಿಯ ಕಥೆ ಹೇಳಿದೆ: ಮಂತ್ರ ಕಲಿತು ಹುಲಿಯಾದ ಗಂಡ, ತಂಬಿಗೆ ನೀರು ಎರಚಿದರೆ ಮತ್ತೆ ಮನುಷ್ಯ. ಹೆಂಡತಿ ಹೆದರಿ ತಂಬಿಗೆ ಬೀಳಿಸಿಬಿಟ್ಟಳು. ಹುಲಿ ಕಾಡಿಗೆ ಹೋಯಿತು.

“ಅದು ಅವನೇ ಎಂದು ಆಮೇಲೆ ಹೇಗೆ ಗೊತ್ತಾಗುತ್ತಿತ್ತು?” ಎಂದ.

ಅಜ್ಜಿ ಹೇಳಿದ್ದನ್ನೇ ಹೇಳಿದೆ. ಹುಲಿಯ ಬಲಗಿವಿಯಲ್ಲಿ ಒಂಟಿ ಹಾಗೆಯೇ ಇತ್ತು.