ಲಾರ್ಡ್ಸ್‌ನ ಸ್ಥಳಪುರಾಣ

ಆಟವಿಲ್ಲದ ದಿನ ಲಂಡನ್ನಿನ ಲಾರ್ಡ್ಸ್ ಮೈದಾನಕ್ಕೆ ದುಡ್ಡು ಕೊಟ್ಟು ಒಳಹೋಗಿ, ಖಾಲಿ ಕುರ್ಚಿಗಳನ್ನು ಕಣ್ತುಂಬಿಕೊಂಡು ಬರುವವರಲ್ಲಿ ನಮ್ಮವರು ಕಡಿಮೆಯೇನಿಲ್ಲ. ತೋರಿಸುವವರ ಧಾಟಿಯೂ ಕ್ಷೇತ್ರದ ಅರ್ಚಕರದೇ: 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದ್ದು ಅಲ್ಲಿ, 2002ರಲ್ಲಿ ಗಂಗೂಲಿ ಅಂಗಿ ಬಿಚ್ಚಿ ಬೀಸಿದ್ದು ಇಲ್ಲಿ. ಕೈಮುಗಿಯುವುದೊಂದು ಬಾಕಿ.

ಸ್ಥಳಪುರಾಣವೇನೋ ಸೊಗಸಾಗಿದೆ, ತಕರಾರಿರುವುದು ಸ್ಥಳದ್ದೇ. ಥಾಮಸ್ ಲಾರ್ಡ್ ಎಂಬಾತ 1787ರಲ್ಲಿ ಮೈದಾನ ಮಾಡಿದ್ದು ಬೇರೆ ಕಡೆ. ಬಾಡಿಗೆ ಏರಿತೆಂದು ಅಲ್ಲಿಂದ ಎದ್ದ. ಎರಡನೆಯ ಜಾಗದ ಮೇಲೆ ಕಾಲುವೆ ಹಾಯುತ್ತದೆಂದು ಅಲ್ಲಿಂದಲೂ ಎದ್ದು, 1814ರಲ್ಲಿ ಈಗಿನ ಜಾಗಕ್ಕೆ ಬಂದ. ಹೋದಲ್ಲೆಲ್ಲ ಹಳೆಯ ಹುಲ್ಲುಹಾಸನ್ನು ಕಿತ್ತು ಜೊತೆಗೇ ಸಾಗಿಸಿದನಂತೆ. ಹೋಗಲಿ, ಆ ಹುಲ್ಲಾದರೂ ಉಳಿದಿದೆಯೇ ಎಂದರೆ, ನೀರು ಬಸಿಯುವುದಿಲ್ಲವೆಂದು 2002ರಲ್ಲಿ ಮೈದಾನವನ್ನೇ ಅಗೆದು ಹೊಸದು ಹಾಸಿದರು. ಹಳೆಯದನ್ನು ತುಂಡು ಮಾಡಿ ಅಭಿಮಾನಿಗಳಿಗೆ ಮಾರಿದರು. ಪ್ರಸಾದವೆಂದ ಮೇಲೆ ಬೇಡ ಎನ್ನುವವರುಂಟೇ!

ಅಸಲಿ ಯಾವುದು ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಅಲ್ಲಿಯ ಇಳಿಜಾರನ್ನು ತೋರಿಸುತ್ತೇನೆ. ಮೈದಾನದ ಒಂದು ಅಂಚು ಎದುರಿನ ಅಂಚಿಗಿಂತ ಸುಮಾರು ಎರಡೂವರೆ ಮೀಟರ್ ತಗ್ಗು. ಪೆವಿಲಿಯನ್ ಕಡೆಯಿಂದ ಎಸೆದ ಚೆಂಡು ಬಲಗೈ ದಾಂಡಿಗನ ಒಳಕ್ಕೆ ನುಗ್ಗುತ್ತದೆ, ಆಚೆ ತುದಿಯಿಂದ ಎಸೆದದ್ದು ಹೊರಕ್ಕೆ ಜಾರುತ್ತದೆ. ಎಲ್ಲವನ್ನೂ ಅಗೆದಾಗ ಸಮತಟ್ಟು ಮಾಡಬಹುದಿತ್ತು. ಮಾಡಲಿಲ್ಲ, ಹೊಸ ಹುಲ್ಲನ್ನು ಹಳೆಯ ಓರೆಗೇ ಹಾಸಿದರು. ಊನವನ್ನು ಇಷ್ಟು ಮುತುವರ್ಜಿಯಿಂದ ಕಾಪಾಡುವವರ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ವಸ್ತುಸಂಗ್ರಹಾಲಯದಲ್ಲಿ ಆ್ಯಷಸ್ ಕುಡಿಕೆಯಿದೆ. ಎತ್ತರ ಹನ್ನೊಂದು ಸೆಂಟಿಮೀಟರ್, ಗೇಣುದ್ದವೂ ಇಲ್ಲ. ಒಳಗಿರುವುದು ಬೇಲ್ಸಿನ, ಅಂದರೆ ವಿಕೆಟ್ ಮೇಲಿಡುವ ಮರದ ತುಂಡುಗಳ ಬೂದಿ ಎನ್ನುವವರಿದ್ದಾರೆ, ಹೆಂಗಸೊಬ್ಬಳ ಮುಸುಕಿನ ಬೂದಿ ಎನ್ನುವವರೂ ಇದ್ದಾರೆ. ಇಂಗ್ಲೆಂಡ್, ಆಸ್ಟ್ರೇಲಿಯಾ ಎರಡೂ ದೇಶಗಳು ಶತಮಾನಕ್ಕೂ ಮೀರಿ ಕಾದಾಡುತ್ತಿರುವುದು ಈ ಬೂದಿಯ ಹೆಸರಿನಲ್ಲಿ.

ಇಲ್ಲಿ ಟೆಸ್ಟ್ ಶತಕ ಹೊಡೆದವರ ಹೆಸರು ಬರೆಯುವ ಡ್ರೆಸ್ಸಿಂಗ್ ಕೋಣೆಯ ಗೌರವ ಫಲಕದ ಮುಂದೆ ಕನ್ನಡಿಗರು ತುಸು ಹೊತ್ತು ಹೆಚ್ಚಾಗಿಯೇ ನಿಲ್ಲಬಹುದು. 1979ರಲ್ಲಿ 113 ಹೊಡೆದ ಜಿ. ಆರ್. ವಿಶ್ವನಾಥ್ ಅಲ್ಲಿದ್ದಾರೆ. 1996ರ ಚೊಚ್ಚಲ ಟೆಸ್ಟ್‌ನಲ್ಲಿ 95ಕ್ಕೆ ಔಟಾದ ದ್ರಾವಿಡ್, ಉಳಿದ ಐದು ರನ್ನಿನ ಬಾಕಿಯನ್ನು 2011ರಲ್ಲಿ ತೀರಿಸಿ ಹೆಸರು ಬರೆಸಿದರು. ಗಾವಸ್ಕರ್ ಮಾತ್ರ ಇಲ್ಲ. 1987ರಲ್ಲಿ ಇದೇ ಮೈದಾನದಲ್ಲಿ 188 ಹೊಡೆದಿದ್ದರೂ ಅದು ಟೆಸ್ಟ್ ಅಲ್ಲ, ಮೈದಾನದ ಒಡೆಯರಾದ ಎಂಸಿಸಿ ಕ್ಲಬ್ಬಿನ ದ್ವಿಶತಮಾನೋತ್ಸವದ ಪಂದ್ಯ. ಭಾರತದ ಪ್ರವಾಸಿಗರ ಸಂತೋಷಕ್ಕೆಂದು ಒಂದು ಸಾಲು ಸೇರಿಸಿದ್ದರೆ ಟಿಕೆಟ್ ಇನ್ನಷ್ಟು ಖರ್ಚಾಗುತ್ತಿತ್ತೇನೋ.

ಇಷ್ಟು ಬಿಗಿಯಾದ ಜನ ಒಂದು ಗುಬ್ಬಚ್ಚಿಗೆ ಸೋತಿದ್ದಾರೆ. 1936ರಲ್ಲಿ ಕೇಂಬ್ರಿಜ್‌ನ ಜಹಾಂಗೀರ್ ಖಾನ್ ಎಸೆದ ಚೆಂಡಿಗೆ ಸಿಕ್ಕಿ ಸತ್ತ ಹಕ್ಕಿ ಅದು. ಕೆಡದಂತೆ ಒಳಗೆ ತುಂಬಿ, ಚೆಂಡಿನ ಮೇಲೆಯೇ ಕೂರಿಸಿ ಗಾಜಿನೊಳಗೆ ಇಟ್ಟಿದ್ದಾರೆ. 2006ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಡೆದ ಗುಬ್ಬಚ್ಚಿಗಳ ಪ್ರದರ್ಶನಕ್ಕೆ ಅದನ್ನು ಕಡ ಕೊಟ್ಟಿದ್ದರು. ಲಾರ್ಡ್ಸ್ ಪರವಾಗಿ ವಿದೇಶ ಪ್ರವಾಸವನ್ನೂ ಮಾಡಿ ಬಂದ ಗುಬ್ಬಚ್ಚಿ!